ಯಾವ ಟ್ಯಾಂಕ್ ಮೇಲು? ಪದೇ ಪದೇ ಕೇಳುವ ಪ್ರಶ್ನೆಗಳು

ಟ್ಯಾಂಕುಗಳ ಮಾತು ಬಂದಲ್ಲೆಲ್ಲ ನನ್ನ ಮುಂದೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವು ಹರಟೆಯ ನಡುವೆ ಬಂದವು, ಕೆಲವು ಪತ್ರಗಳಲ್ಲಿ ಬಂದವು. ಕೇಳಿದವರ ಮಾತನ್ನು ತಿದ್ದದೆ ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಪಾಠ

ಟ್ಯಾಂಕ್ ಅಂದರೆ ನೀರಿನ ತೊಟ್ಟಿ ತಾನೇ? ಯುದ್ಧದ ಗಾಡಿಗೆ ಆ ಹೆಸರು ಹೇಗೆ ಬಂತು?

ಗುಟ್ಟು ಕಾಯಲು ಹೇಳಿದ ಸುಳ್ಳಿನಿಂದ ಬಂತು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಇದನ್ನು ಕಟ್ಟುತ್ತಿದ್ದಾಗ, ನೀರು ಸಾಗಿಸುವ ತೊಟ್ಟಿ ಮಾಡುತ್ತಿದ್ದೇವೆಂದು ಹೇಳಿಕೊಂಡರು. ಆ ಹೆಸರೇ ನಿಂತುಬಿಟ್ಟಿತು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಮಾರ್ಕ್ 1 ಮೊದಲ ಬಾರಿಗೆ ಕಾಳಗಕ್ಕಿಳಿಯಿತು. ಅದರ ತೂಕ ಸುಮಾರು 28 ಟನ್. ಒಳಗೆ ಎಂಟು ಜನ, ವೇಗ ಮನುಷ್ಯನ ನಡಿಗೆಯಷ್ಟು. ಅಂದಿಗೆಂದು ಗೊತ್ತುಮಾಡಿದ್ದ 49 ಟ್ಯಾಂಕುಗಳಲ್ಲಿ ಹೊರಡುವ ಜಾಗವನ್ನು ಮುಟ್ಟಿದ್ದು 32 ಮಾತ್ರ. ಉಳಿದವು ದಾರಿಯಲ್ಲೇ ಕೆಟ್ಟೋ ಹೂತೋ ನಿಂತವು. ಟ್ಯಾಂಕುಗಳನ್ನು ತೂಗಿ ನೋಡುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದಿನ ನೂರು ವರ್ಷಗಳಲ್ಲಿ ಇದು ಮತ್ತೆ ಮತ್ತೆ ಎದುರಾಗುತ್ತದೆ.

ಒಂದು ಟ್ಯಾಂಕ್ ಒಳ್ಳೆಯದೋ ಅಲ್ಲವೋ ಅಂತ ಹೇಗೆ ಅಳೆಯುತ್ತಾರೆ?

ಹೊಡೆಯುವ ಶಕ್ತಿ, ತಡೆಯುವ ಶಕ್ತಿ, ಓಡುವ ಶಕ್ತಿ: ಪುಸ್ತಕಗಳು ಹೇಳುವುದು ಈ ಮೂರನ್ನು. ಫಿರಂಗಿ ದೊಡ್ಡದಾದರೆ ತೂಕ ಹೆಚ್ಚುತ್ತದೆ, ಕವಚ ದಪ್ಪವಾದರೂ ಹೆಚ್ಚುತ್ತದೆ, ತೂಕ ಹೆಚ್ಚಿದಷ್ಟೂ ಎಂಜಿನ್ ಏದುಸಿರು ಬಿಡುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಲೇಬೇಕು.

ನಾನು ಇವಕ್ಕೆ ಇನ್ನೆರಡನ್ನು ಸೇರಿಸುತ್ತೇನೆ. ಒಳಗಿರುವವರಿಗೆ ಹೊರಗಿನದು ಎಷ್ಟು ಚೆನ್ನಾಗಿ ಕಾಣುತ್ತದೆ? ಕೆಟ್ಟರೆ ಎಷ್ಟು ಬೇಗ ರಿಪೇರಿಯಾಗುತ್ತದೆ? ಕಾಗದದ ಮೇಲೆ ಗೆದ್ದು ನೆಲದ ಮೇಲೆ ಸೋತ ಟ್ಯಾಂಕುಗಳು ಎಡವಿದ್ದು ಹೆಚ್ಚಾಗಿ ಈ ಎರಡರಲ್ಲೇ.

ಒಳಗೆ ಎಷ್ಟು ಜನ ಇರ್ತಾರೆ?

ಸಾಮಾನ್ಯವಾಗಿ ನಾಲ್ವರು: ಕಮಾಂಡರ್, ಗುರಿಯಿಟ್ಟು ಹೊಡೆಯುವ ಗನ್ನರ್, ಶೆಲ್ ತುಂಬುವ ಲೋಡರ್, ಚಾಲಕ. ಎರಡನೇ ಮಹಾಯುದ್ಧದಲ್ಲಿ ಚಾಲಕನ ಪಕ್ಕ ಮೆಷಿನ್ ಗನ್ ಹಿಡಿದ ಐದನೆಯವನೂ ಇರುತ್ತಿದ್ದ. ಶೆಲ್ ತುಂಬಲು ಯಂತ್ರವಿರುವ, ಸೋವಿಯತ್ ಒಕ್ಕೂಟದ ಟಿ-72ರಂಥವುಗಳಲ್ಲಿ ಮೂವರೇ.

ಇವತ್ತಿನ ಟ್ಯಾಂಕುಗಳೆಲ್ಲ ನೋಡೋಕೆ ಒಂದೇ ಥರ ಯಾಕಿವೆ?

ಎಲ್ಲವೂ ಫ್ರಾನ್ಸಿನ ರೆನೋ ಎಫ್‌ಟಿಯ ಮೊಮ್ಮಕ್ಕಳು. 1918ರ ಮೇ ತಿಂಗಳಲ್ಲಿ ಕಾಳಗಕ್ಕೆ ಬಂದ ಈ ಪುಟ್ಟ ಟ್ಯಾಂಕಿನ ತೂಕ ಏಳು ಟನ್ ಸಹ ಇರಲಿಲ್ಲ. ಒಳಗೆ ಇಬ್ಬರೇ. ಆದರೆ ಚಾಲಕ ಮುಂದೆ, ಎಂಜಿನ್ ಹಿಂದೆ, ನಡುವೆ ಸುತ್ತಲೂ ತಿರುಗುವ ಗೋಪುರ ಎಂಬ ಜೋಡಣೆಯನ್ನು ಸೇನೆಗಳಿಗೆ ಕಲಿಸಿಕೊಟ್ಟಿದ್ದು ಇದೇ. ಅದಕ್ಕೂ ಮುಂಚಿನ ಬ್ರಿಟಿಷ್ ಟ್ಯಾಂಕುಗಳಲ್ಲಿ ಫಿರಂಗಿಗಳು ಪಕ್ಕೆಗಳಿಗೆ ಅಂಟಿಕೊಂಡಿದ್ದವು.

ಆಮೇಲೆ ಈ ದಾರಿ ಬಿಟ್ಟು ನಡೆದವರು ಕಡಿಮೆ. ಸ್ವೀಡನ್ನಿನ ಎಸ್-ಟ್ಯಾಂಕಿಗೆ ಗೋಪುರವೇ ಇರಲಿಲ್ಲ, ಗುರಿ ಹಿಡಿಯಲು ಇಡೀ ಗಾಡಿಯೇ ಬಗ್ಗಿ ತಿರುಗುತ್ತಿತ್ತು. ಇಸ್ರೇಲಿನ ಮೆರ್ಕಾವಾ ಎಂಜಿನ್ನನ್ನು ಮುಂದಕ್ಕೆ ತಂದಿತು. ಒಳಗಿನವರಿಗೆ ಅದೂ ಒಂದು ಗುರಾಣಿಯಾಗಲಿ, ಹಿಂದಿನ ಬಾಗಿಲಿಂದ ಅವರು ಪಾರಾಗಲಿ ಎಂಬುದು ಅದನ್ನು ರೂಪಿಸಿದ ಜನರಲ್ ಇಸ್ರೇಲ್ ಟಾಲ್ ಅವರ ಯೋಚನೆ.

## ಎರಡನೇ ಮಹಾಯುದ್ಧದ ಜಗಳಗಳು

ಟೈಗರ್ ನಿಜಕ್ಕೂ ಅಷ್ಟು ಭಯಂಕರವಾಗಿತ್ತಾ?

ಜರ್ಮನ್ನರ ಈ ಟ್ಯಾಂಕಿನ ಎದುರು ನಿಂತವನಿಗೆ, ಹೌದು. 88 ಮಿ.ಮೀ. ಫಿರಂಗಿ, ಮುಂಭಾಗದಲ್ಲಿ 100 ಮಿ.ಮೀ. ಉಕ್ಕು, 57 ಟನ್ ತೂಕ. 1942ರ ಕೊನೆಗೆ ಮತ್ತು 1943ರಲ್ಲಿ ಅದನ್ನು ಮುಂದಿನಿಂದ ಭೇದಿಸಬಲ್ಲ ಟ್ಯಾಂಕ್ ಶತ್ರುಗಳ ಬಳಿ ಹೆಚ್ಚುಕಡಿಮೆ ಇರಲಿಲ್ಲ.

ಅದನ್ನು ಸಾಕಬೇಕಾದವನಿಗೂ ಅದು ಭಯಂಕರವೇ. ರೈಲಿಗೆ ಏರಿಸಬೇಕೆಂದರೆ ಅಗಲದ ಟ್ರ್ಯಾಕ್ (ಚಕ್ರಗಳ ಸುತ್ತ ಓಡುವ ಉಕ್ಕಿನ ಪಟ್ಟಿ) ಬಿಚ್ಚಿ ಕಿರಿದಾದ ಇನ್ನೊಂದು ಜೊತೆ ತೊಡಿಸಬೇಕು, ಇಳಿಸಿದ ಮೇಲೆ ಮತ್ತೆ ಬದಲಿಸಬೇಕು. ಗೇರ್‌ಬಾಕ್ಸ್ ಹೊರತೆಗೆಯಲು ಗೋಪುರವನ್ನೇ ಎತ್ತಿಡಬೇಕು. ಒಂದರ ಮೇಲೊಂದು ಹೆಣೆದಂತಿದ್ದ ಚಕ್ರಗಳ ನಡುವೆ ರಷ್ಯಾದ ಕೆಸರು ತುಂಬಿ ಹೆಪ್ಪುಗಟ್ಟುತ್ತಿತ್ತು. ಒಳಗಿನ ಚಕ್ರವೊಂದು ಕೆಟ್ಟರೆ ಹೊರಗಿನವನ್ನೆಲ್ಲ ಬಿಚ್ಚಬೇಕು. ಇಡೀ ಯುದ್ಧದಲ್ಲಿ ತಯಾರಾಗಿದ್ದು ಸುಮಾರು 1,350.

ಟುನೀಷಿಯಾದಲ್ಲಿ 1943ರ ಏಪ್ರಿಲ್‌ನಲ್ಲಿ ಬ್ರಿಟಿಷರ ಕೈಸೇರಿದ ಟೈಗರ್ 131 ಇಂಗ್ಲೆಂಡಿನ ಬೋವಿಂಗ್ಟನ್ ಸಂಗ್ರಹಾಲಯದಲ್ಲಿದೆ. ಅದನ್ನು ಮತ್ತೆ ಓಡುವಂತೆ ಸಿದ್ಧಗೊಳಿಸಿದ್ದಾರೆ.

ಒಂದು ಟೈಗರ್‌ಗೆ ಐದು ಶೆರ್ಮನ್ ಬೇಕಿತ್ತಂತೆ, ನಿಜವಾ?

ಈ ಮಾತಿಗೆ ಲೆಕ್ಕದ ಆಧಾರವಿಲ್ಲ. ಶೆರ್ಮನ್ ಅಮೆರಿಕದ ಟ್ಯಾಂಕ್. ಅಮೆರಿಕನ್ ಸೇನೆಯಲ್ಲಿ ಐದು ಟ್ಯಾಂಕ್ ಸೇರಿದರೆ ಒಂದು ಪ್ಲಟೂನ್, ಅಂದರೆ ಒಂದು ಸಣ್ಣ ತುಕಡಿ. ಎದುರಿಗೆ ಇದ್ದದ್ದು ಟೈಗರ್ ಆಗಲಿ, ಒಂಟಿ ಮೆಷಿನ್ ಗನ್ ಆಗಲಿ, ಹೋಗುತ್ತಿದ್ದದ್ದು ಐದು. ಅದೇ ಬಾಯಿಂದ ಬಾಯಿಗೆ ಹೋಗಿ 'ಐದು ಬೇಕು' ಎಂದಾಯಿತು. ನಾರ್ಮಂಡಿಯಲ್ಲಿ ಹೆಚ್ಚಿನ ಟೈಗರ್‌ಗಳು ಇದ್ದದ್ದು ಬ್ರಿಟಿಷರು ಮತ್ತು ಕೆನಡಿಯನ್ನರ ಎದುರು. ಅಮೆರಿಕನ್ನರು ಟೈಗರ್ ಎಂದು ಕೂಗಿ ಹೇಳಿದ್ದರಲ್ಲಿ ಬಹಳಷ್ಟು ಜರ್ಮನ್ನರದೇ ಇನ್ನೊಂದು ಟ್ಯಾಂಕ್ ಆದ ಪ್ಯಾಂಜರ್ 4 ಆಗಿದ್ದವು. ಬ್ರಿಟಿಷರ ಫೈರ್‌ಫ್ಲೈ, ಅಂದರೆ 17 ಪೌಂಡರ್ ಫಿರಂಗಿ ಜೋಡಿಸಿದ ಶೆರ್ಮನ್, ಟೈಗರ್ ಅನ್ನು ಮುಂದಿನಿಂದಲೇ ಹೊಡೆದು ಕೆಡವಬಲ್ಲದಾಗಿತ್ತು.

ಶೆರ್ಮನ್ ಬೆಂಕಿಪೊಟ್ಟಣದ ಥರ ಉರೀತಿತ್ತು ಅಂತಾರಲ್ಲ?

ಮೊದಲ ಮಾದರಿಗಳು ಹೊತ್ತಿಕೊಳ್ಳುತ್ತಿದ್ದದ್ದು ನಿಜ, ಹೇಳುವ ಕಾರಣ ತಪ್ಪು. ಪೆಟ್ರೋಲ್ ಎಂಜಿನ್ ಅಂತ ಎಲ್ಲರೂ ಅದರ ಮೇಲೆ ಹೊರಿಸುತ್ತಾರೆ, ಆದರೆ ಜರ್ಮನ್ ಟ್ಯಾಂಕುಗಳೂ ಪೆಟ್ರೋಲ್ ಕುಡಿಯುತ್ತಿದ್ದವು. ಉರಿಯುತ್ತಿದ್ದದ್ದು ಪಕ್ಕೆಗಳಲ್ಲಿ ಜೋಡಿಸಿಟ್ಟಿದ್ದ ಶೆಲ್‌ಗಳ ಮದ್ದು. ಆ ಶೆಲ್‌ಗಳನ್ನು ತಳಭಾಗಕ್ಕೆ ಇಳಿಸಿ, ಸುತ್ತ ದ್ರವ ತುಂಬಿದ ಪೆಟ್ಟಿಗೆಗಳಲ್ಲಿ ಇಟ್ಟ ಮೇಲೆ ಚಿತ್ರವೇ ಬದಲಾಯಿತು. ಅಮೆರಿಕನ್ ಸೇನೆಯ ಅಧ್ಯಯನದಂತೆ ಪೆಟ್ಟು ತಿಂದ ಹಳೆಯ ಮಾದರಿಗಳಲ್ಲಿ ಶೇ. 60ರಿಂದ 80ರಷ್ಟು ಹೊತ್ತಿಕೊಳ್ಳುತ್ತಿದ್ದರೆ, ಹೊಸವುಗಳಲ್ಲಿ ಅದು ಶೇ. 10ರಿಂದ 15ಕ್ಕೆ ಇಳಿಯಿತು.

ಶೆರ್ಮನ್‌ಗೆ ಅನ್ಯಾಯವಾಗಿದೆ ಎಂದೇ ನನ್ನ ಅನಿಸಿಕೆ. ಅಮೆರಿಕದ ಕಾರ್ಖಾನೆಯಲ್ಲಿ ಹುಟ್ಟಿ, ಹಡಗಿನ ಕ್ರೇನಿಗೆ ತೂಗಿ, ಸಾಗರ ದಾಟಿ, ಮರಳಲ್ಲೂ ಹಿಮದಲ್ಲೂ ಓಡಬೇಕಾದ ಟ್ಯಾಂಕ್ ಅದು. ಅದರ ಚಕ್ರದ ಜೋಡಣೆ ಕೆಟ್ಟರೆ ಹೊರಗಿನಿಂದಲೇ ಬೋಲ್ಟ್ ಬಿಚ್ಚಿ ಇನ್ನೊಂದನ್ನು ಕೂರಿಸಬಹುದಿತ್ತು. ಸುಮಾರು 49,000 ತಯಾರಾದವು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಹೊರಡುತ್ತದೆಂದು ನೆಚ್ಚಬಹುದಾದ ಟ್ಯಾಂಕ್ ಎಷ್ಟು ದೊಡ್ಡ ಆಸ್ತಿ ಎಂಬುದು ಅದನ್ನು ಓಡಿಸಿದವರಿಗೆ ಗೊತ್ತಿತ್ತು.

ಟಿ-34 ಯುದ್ಧ ಗೆದ್ದ ಟ್ಯಾಂಕ್ ಅಂತಾರೆ. ಅದರಲ್ಲಿ ಅಂಥದ್ದೇನಿತ್ತು?

1941ರಲ್ಲಿ ಜರ್ಮನ್ನರು ಸೋವಿಯತ್ ಸೇನೆಯ ಈ ಟ್ಯಾಂಕನ್ನು ಎದುರಿಸಿದಾಗ ಮೂರು ಗುಣಗಳು ಒಟ್ಟಿಗೆ ಕಂಡವು. ಓರೆಯಾಗಿ ಕೂರಿಸಿದ ಕವಚ ಒಂದು. 45 ಮಿ.ಮೀ. ತಗಡನ್ನು 60 ಡಿಗ್ರಿ ವಾಲಿಸಿದ್ದರಿಂದ ನೇರವಾಗಿ ಬಂದ ಗುಂಡು 90 ಮಿ.ಮೀ. ಉಕ್ಕು ದಾಟಬೇಕಾಗುತ್ತಿತ್ತು. ಕೆಸರಲ್ಲೂ ಹಿಮದಲ್ಲೂ ಹೂಳದ ಅಗಲವಾದ ಟ್ರ್ಯಾಕ್ ಇನ್ನೊಂದು. 500 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಮತ್ತು ಆ ಕಾಲಕ್ಕೆ ಬಲವಾದ 76 ಮಿ.ಮೀ. ಫಿರಂಗಿ ಮೂರನೆಯದು.

ಇದರ ಹಿಂದೆ ಮಿಖಾಯಿಲ್ ಕೊಷ್ಕಿನ್ ಎಂಬ ಎಂಜಿನಿಯರ್ ಇದ್ದರು. 1940ರ ಚಳಿಯಲ್ಲಿ ಮಾದರಿ ಟ್ಯಾಂಕುಗಳ ಜೊತೆ ಖಾರ್ಕಿವ್‌ನಿಂದ ಮಾಸ್ಕೋಗೆ ಹೋಗಿ ಬಂದವರು ನ್ಯುಮೋನಿಯಾ ಹಿಡಿದು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ತಮ್ಮ ಟ್ಯಾಂಕ್ ಯುದ್ಧದಲ್ಲಿ ಏನು ಮಾಡಿತೆಂದು ಅವರು ನೋಡಲೇ ಇಲ್ಲ. ಅದನ್ನು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಕುಂದುಗಳನ್ನೂ ಹೇಳಬೇಕು. ಗೋಪುರದಲ್ಲಿ ಇಬ್ಬರಿಗೇ ಜಾಗ. ಹಾಗಾಗಿ ಕಮಾಂಡರನೇ ಗುರಿಯಿಟ್ಟು ಹೊಡೆಯಬೇಕು. ಆಗ ಸುತ್ತ ನೋಡುವವರು ಯಾರು? ಆರಂಭದ ಟ್ಯಾಂಕುಗಳಲ್ಲಿ ಬಹುಪಾಲಿಗೆ ರೇಡಿಯೋ ಇರಲಿಲ್ಲ, ಗೇರ್ ಹಾಕಲು ತೋಳ್ಬಲ ಬೇಕಿತ್ತು. 1944ರಲ್ಲಿ ಬಂದ ಟಿ-34-85 ಮೂವರು ಕೂರುವ ಗೋಪುರ ಮತ್ತು 85 ಮಿ.ಮೀ. ಫಿರಂಗಿಯಿಂದ ಬಹಳಷ್ಟನ್ನು ಸರಿಪಡಿಸಿತು. ಅಷ್ಟರಲ್ಲಿ ತೆತ್ತ ಬೆಲೆ ಸಣ್ಣದಲ್ಲ. ಯುದ್ಧ ಮುಗಿಯುವ ಹೊತ್ತಿಗೆ 50,000ಕ್ಕೂ ಹೆಚ್ಚು ಟಿ-34 ತಯಾರಾಗಿದ್ದವು, ಅವುಗಳಲ್ಲಿ 40,000ಕ್ಕೂ ಹೆಚ್ಚು ನಾಶವಾದವು. ಒಂದೊಂದರಲ್ಲೂ ನಾಲ್ಕೋ ಐದೋ ಹುಡುಗರಿದ್ದರು.

ಪ್ಯಾಂಥರ್ ಎಲ್ಲಕ್ಕಿಂತ ಉತ್ತಮ ಅಂತ ಓದಿದ್ದೆ. ಹಾಗಿದ್ದರೆ ಯಾಕೆ ಗೆಲ್ಲಲಿಲ್ಲ?

ಟಿ-34 ನೋಡಿ ಬೆಚ್ಚಿದ ಜರ್ಮನ್ನರು ಕೊಟ್ಟ ಉತ್ತರ ಅದು. ಅದರ ಉದ್ದನೆಯ 75 ಮಿ.ಮೀ. ಫಿರಂಗಿ ಕವಚ ಭೇದಿಸುವುದರಲ್ಲಿ ಟೈಗರ್‌ನ 88ನ್ನೂ ಮೀರಿಸುತ್ತಿತ್ತು, ಮುಂಭಾಗದ ಓರೆ ಕವಚವೂ ಗಟ್ಟಿ. ಪಕ್ಕೆ ಮಾತ್ರ ತೆಳು. ಮೊದಲಿಗೆ ಮೂವತ್ತು ಟನ್ನಿನ ಆಸುಪಾಸಿನಲ್ಲಿ ಯೋಚಿಸಿದ್ದ ಗಾಡಿ 45 ಟನ್ನಿಗೆ ಬೆಳೆಯಿತು. ಆದರೆ ಎಂಜಿನ್ನಿನ ಶಕ್ತಿಯನ್ನು ಟ್ರ್ಯಾಕಿಗೆ ದಾಟಿಸುವ ಕೊನೆಯ ಗೇರುಗಳು ಆ ತೂಕಕ್ಕೆ ತಕ್ಕಷ್ಟು ಬಲವಾಗಲಿಲ್ಲ. 1943ರ ಜುಲೈನಲ್ಲಿ ಕುರ್ಸ್ಕ್ ಕಾಳಗಕ್ಕೆ ಬಂದ ಸುಮಾರು 200 ಪ್ಯಾಂಥರ್‌ಗಳಲ್ಲಿ ಅನೇಕವು ಕೆಟ್ಟು ನಿಂತವು, ಕೆಲವಕ್ಕೆ ಎಂಜಿನ್ ಬೆಂಕಿಯೂ ಹತ್ತಿತು. ಯುದ್ಧವಾದ ಮೇಲೆ ಕೆಲವನ್ನು ಬಳಸಿ ನೋಡಿದ ಫ್ರೆಂಚ್ ಸೇನೆ, ಆ ಗೇರುಗಳ ಆಯುಷ್ಯ ಸರಾಸರಿ 150 ಕಿ.ಮೀ. ಎಂದು 1947ರಲ್ಲಿ ಬರೆಯಿತು. ಮುನ್ನುಗ್ಗುವ ಸೇನೆ ಕೆಟ್ಟ ಟ್ಯಾಂಕನ್ನು ಎಳೆದುಕೊಂಡು ಹೋಗಿ ರಿಪೇರಿ ಮಾಡಬಹುದು. ಹಿಮ್ಮೆಟ್ಟುವ ಸೇನೆ ಅದನ್ನು ತಾನೇ ಸಿಡಿಸಿ ಬಿಟ್ಟುಹೋಗಬೇಕು. 1943ರ ನಂತರ ಜರ್ಮನ್ನರ ಪಾಲಿಗೆ ಬಂದದ್ದು ಎರಡನೆಯದು.

ದೊಡ್ಡದಾದಷ್ಟೂ ಒಳ್ಳೆಯದಲ್ಲವೇ?

ಅಲ್ಲ. ಜರ್ಮನ್ನರ ಮೌಸ್ 188 ಟನ್ ತೂಗುತ್ತಿತ್ತು. ಸೇತುವೆಗಳು ಅದನ್ನು ಹೊರಲಾರವು, ಹೊಳೆಯ ತಳದಲ್ಲಿ ನಡೆಸಿಕೊಂಡೇ ದಾಟಿಸಬೇಕೆಂಬ ಯೋಜನೆ. ಮಾದರಿಗಳು ಎರಡೇ ಆದವು.

ಇನ್ನೊಂದು ತುದಿಯ ಉದಾಹರಣೆ ನೋಡಿ. 1948ರ ನವೆಂಬರ್ 1ರಂದು ಲಡಾಖ್ ದಾರಿಯ ಜೋಜಿಲಾ ಕಣಿವೆಯಲ್ಲಿ, ಸುಮಾರು 11,500 ಅಡಿ ಎತ್ತರಕ್ಕೆ, ಭಾರತದ 7ನೇ ಲೈಟ್ ಕ್ಯಾವಲ್ರಿ ಸ್ಟುವರ್ಟ್ ಎಂಬ ಹಗುರ ಟ್ಯಾಂಕುಗಳನ್ನು ಹತ್ತಿಸಿತು. ಗುಟ್ಟು ಬಿಡದಿರಲು ಗೋಪುರ ಬಿಚ್ಚಿ ಸಾಗಿಸಿದ್ದರು. ಆ ಯೋಜನೆ ಜನರಲ್ ತಿಮ್ಮಯ್ಯ ಅವರದು. ಯುರೋಪಿನಲ್ಲಿ ಸ್ಟುವರ್ಟ್ ಅನ್ನು ಯಾರೂ ಲೆಕ್ಕಕ್ಕೇ ಇಡುತ್ತಿರಲಿಲ್ಲ, ಅದರ ಫಿರಂಗಿ ಬರೀ 37 ಮಿ.ಮೀ. ಆದರೆ ಟ್ಯಾಂಕ್ ಬರಲಾರದೆಂದು ನಂಬಿ ಕೂತಿದ್ದ ಪಾಕಿಸ್ತಾನಿ ಪಡೆಯ ಬಂಕರುಗಳ ಮುಂದೆ ಅದು ಬಂದು ನಿಂತಾಗ ಕಣಿವೆ ತೆರೆಯಿತು.

## ಮಹಾಯುದ್ಧದ ನಂತರ

1965ರಲ್ಲಿ ಹೊಸ ಪ್ಯಾಟನ್‌ಗಳು ಹಳೆಯ ಟ್ಯಾಂಕುಗಳಿಗೆ ಸೋತದ್ದು ಹೇಗೆ?

ಪಾಕಿಸ್ತಾನ ಅಮೆರಿಕದಿಂದ ಪಡೆದಿದ್ದ ಪ್ಯಾಟನ್ ಕೆಟ್ಟ ಟ್ಯಾಂಕ್ ಆಗಿರಲಿಲ್ಲ. ಸೆಪ್ಟೆಂಬರ್ 8ರಿಂದ 10ರವರೆಗೆ ಪಂಜಾಬಿನ ಖೇಮಕರಣ್ ಬಳಿಯ ಅಸಲ್ ಉತ್ತರ್‌ನಲ್ಲಿ ಭಾರತೀಯ ಪಡೆ ಕುದುರೆಲಾಳದ ಆಕಾರದಲ್ಲಿ ಹೊಂಚುಹಾಕಿ ಕೂತಿತ್ತು. ಗದ್ದೆಗಳಿಗೆ ನೀರು ಬಿಟ್ಟಿದ್ದರಿಂದ ಪ್ಯಾಟನ್‌ಗಳು ಕೆಸರಿಗೆ ಸಿಕ್ಕವು. ಎತ್ತರದ ಕಬ್ಬಿನ ಮರೆಯಿಂದ ಬ್ರಿಟಿಷರು ಕಟ್ಟಿದ ಸೆಂಚೂರಿಯನ್‌ಗಳು, ಹಳೆಯ ಶೆರ್ಮನ್‌ಗಳು, ಜೀಪಿನ ಮೇಲಿನ, ಹಿಂದಕ್ಕೆ ಒದೆಯದ ಹಗುರ ಫಿರಂಗಿಗಳಾದ ರಿಕಾಯಿಲ್‌ಲೆಸ್ ಗನ್‌ಗಳು ಹತ್ತಿರದಿಂದ ಪಕ್ಕೆಗೆ ಹೊಡೆದವು. ಅಂಥದೊಂದು ಜೀಪಿನಿಂದ ಪ್ಯಾಟನ್‌ಗಳನ್ನು ಕೆಡವುತ್ತಲೇ ಪ್ರಾಣಬಿಟ್ಟ ಅಬ್ದುಲ್ ಹಮೀದ್ ಅವರಿಗೆ ಪರಮವೀರ ಚಕ್ರ ಸಂದಿತು. ದೂರದಿಂದ ಹೊಡೆಯಲೆಂದು ಕಟ್ಟಿದ ಟ್ಯಾಂಕಿಗೆ ದೂರವೇ ಸಿಗಲಿಲ್ಲ.

ಅಣುಬಾಂಬ್ ತಡೆದುಕೊಂಡ ಟ್ಯಾಂಕ್ ಒಂದಿದೆಯಂತೆ?

ಇದೆ, ಆಸ್ಟ್ರೇಲಿಯಾದ ಸೆಂಚೂರಿಯನ್ 169041. 1953ರ ಅಕ್ಟೋಬರ್‌ನಲ್ಲಿ ಅಲ್ಲಿನ ಎಮು ಫೀಲ್ಡ್‌ನಲ್ಲಿ ಬ್ರಿಟಿಷರು ನಡೆಸಿದ ಪರೀಕ್ಷಾ ಸ್ಫೋಟದಿಂದ ಅರ್ಧ ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಎಂಜಿನ್ ಚಾಲೂ ಇಟ್ಟು ಅದನ್ನು ನಿಲ್ಲಿಸಿದ್ದರು. ಆಮೇಲೆ ಅದನ್ನು ಓಡಿಸಿಕೊಂಡೇ ಹೊರತಂದರು, ಮುಂದೆ ವಿಯೆಟ್ನಾಂ ಯುದ್ಧಕ್ಕೂ ಅದು ಹೋಯಿತು. ಒಳಗೆ ಜನ ಇದ್ದಿದ್ದರೆ ಬದುಕುತ್ತಿರಲಿಲ್ಲ.

ಯಾವ ಯುದ್ಧದ ಫೋಟೋ ನೋಡಿದರೂ ಟಿ-55 ಇರುತ್ತೆ, ಯಾಕೆ?

ಸೋವಿಯತ್ ಒಕ್ಕೂಟದ ಟಿ-54 ಮತ್ತು ಟಿ-55 ಕುಟುಂಬದಷ್ಟು ತಯಾರಾದ ಟ್ಯಾಂಕ್ ಜಗತ್ತಿನಲ್ಲಿ ಬೇರೆ ಇಲ್ಲ. 36 ಟನ್, 100 ಮಿ.ಮೀ. ಫಿರಂಗಿ, ಕುಳ್ಳ ಮೈ, ಸರಳ ಯಂತ್ರ. ಚೀನಾ ಅದನ್ನೇ ಟೈಪ್ 59 ಎಂದು ಮಾಡಿತು. 1975ರ ಏಪ್ರಿಲ್ 30ರಂದು ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನಿನ ಅಧ್ಯಕ್ಷರ ಅರಮನೆಯ ಮುಖ್ಯ ಗೇಟನ್ನು ಮುರಿದು ಒಳನುಗ್ಗಿದ 390ನೇ ನಂಬರಿನ ಟ್ಯಾಂಕ್ ಅಂಥದೇ ಒಂದು ಟೈಪ್ 59.

ಕುಳ್ಳಗಿರುವುದಕ್ಕೂ ಬೆಲೆಯಿದೆ. ಒಳಗೆ ಜಾಗವಿಲ್ಲದ್ದರಿಂದ ಫಿರಂಗಿಯ ಮೂತಿ ಐದು ಡಿಗ್ರಿಯಷ್ಟೇ ಕೆಳಕ್ಕೆ ಬಾಗುತ್ತದೆ. ಸೆಂಚೂರಿಯನ್‌ನದು ಹತ್ತು ಡಿಗ್ರಿ. 1973ರ ಅಕ್ಟೋಬರ್‌ನಲ್ಲಿ ಗೋಲಾನ್ ದಿಬ್ಬಗಳ ಮೇಲೆ ಈ ಐದು ಡಿಗ್ರಿಯ ವ್ಯತ್ಯಾಸ ಜೀವ ಉಳಿಸಿತು. ಇಸ್ರೇಲಿ ಸೆಂಚೂರಿಯನ್‌ಗಳು ದಿಬ್ಬದ ಹಿಂದೆ ಗೋಪುರವಷ್ಟೇ ಕಾಣುವಂತೆ ನಿಂತು ಕೆಳಕ್ಕೆ ಹೊಡೆಯುತ್ತಿದ್ದವು. ಸಂಖ್ಯೆಯಲ್ಲಿ ಎಷ್ಟೋ ಹೆಚ್ಚಿದ್ದ ಸಿರಿಯಾದ ಟ್ಯಾಂಕುಗಳು ಬಯಲಲ್ಲೇ ಏರಿ ಬರಬೇಕಾಯಿತು.

ಟಿ-72ರ ಗೋಪುರ ಹಾರಿಹೋಗೋದು ಯಾಕೆ?

ಶೆಲ್ ತುಂಬುವ ಯಂತ್ರ ಗೋಪುರದ ಕೆಳಗೆ ರಾಟೆಯಂತೆ ಸುತ್ತುತ್ತದೆ, ಅದರಲ್ಲಿ 22 ಶೆಲ್‌ಗಳು. ಮಿಕ್ಕವು ಸಿಬ್ಬಂದಿಯ ಸುತ್ತಮುತ್ತಲೇ ಇರುತ್ತವೆ. ಮದ್ದಿಗೆ ಬೆಂಕಿ ತಗುಲಿದರೆ ಒತ್ತಡಕ್ಕೆ ಬೇರೆ ದಾರಿಯಿಲ್ಲದೆ ಗೋಪುರವನ್ನೇ ಎತ್ತಿ ಎಸೆಯುತ್ತದೆ. ಅಮೆರಿಕದ ಎಬ್ರಾಮ್ಸ್‌ನಲ್ಲಿ ಬಹುತೇಕ ಶೆಲ್‌ಗಳು ಗೋಪುರದ ಹಿಂಭಾಗದಲ್ಲಿ, ಉಕ್ಕಿನ ಬಾಗಿಲಿನಾಚೆ ಇರುತ್ತವೆ. ಸಿಡಿದರೆ ಮೇಲಿನ ಮುಚ್ಚಳ ಕಿತ್ತುಹೋಗಿ ಬೆಂಕಿ ಆಕಾಶಕ್ಕೆ ಹೋಗುತ್ತದೆ. ಟಿ-72ಕ್ಕೆ ಈ ಏರ್ಪಾಡಿನಿಂದ ಸಿಕ್ಕ ಲಾಭವೂ ಇದೆ: 125 ಮಿ.ಮೀ. ಫಿರಂಗಿ ಹೊತ್ತೂ ಅದರ ಮೊದಲ ಮಾದರಿಯ ತೂಕ ಸುಮಾರು 41 ಟನ್. ತೂಕ ಉಳಿಸಲು ಜನರ ಸುರಕ್ಷತೆಯನ್ನು ಕೊಟ್ಟ ಈ ವ್ಯಾಪಾರ ನನಗೆ ಒಪ್ಪಿಗೆಯಲ್ಲ. ಟ್ಯಾಂಕನ್ನು ಮತ್ತೆ ಮಾಡಬಹುದು, ಪಳಗಿದ ಸಿಬ್ಬಂದಿ ಹೋದರೆ ಹೋದರೇ.

ಎಬ್ರಾಮ್ಸ್ ಮೇಲೋ ಲೆಪರ್ಡ್ 2 ಮೇಲೋ?

ಜನ ತಿಳಿದುಕೊಂಡಷ್ಟು ಅಂತರ ಇಲ್ಲ. ಎರಡಕ್ಕೂ 1,500 ಅಶ್ವಶಕ್ತಿ, ಮತ್ತು ಎಂ1ಎ1 ಎಂಬ ಮಾದರಿಯ ಕಾಲದಿಂದ ಎಬ್ರಾಮ್ಸ್ ಹೊತ್ತಿರುವ 120 ಮಿ.ಮೀ. ಫಿರಂಗಿಯ ಮೂಲ ಲೆಪರ್ಡ್‌ನ ಜರ್ಮನ್ ಫಿರಂಗಿಯೇ. ಎಬ್ರಾಮ್ಸ್‌ನ ಗ್ಯಾಸ್ ಟರ್ಬೈನ್ ಸದ್ದು ಕಡಿಮೆ, ಚುರುಕು ಹೆಚ್ಚು, ಆದರೆ ನಿಂತಲ್ಲೇ ನಿಂತರೂ ಇಂಧನ ಕುಡಿಯುತ್ತದೆ. ಅದರ ಹಿಂದೆ ಟ್ಯಾಂಕರ್‌ಗಳ ಸಾಲೇ ಬರಬೇಕು. ಲೆಪರ್ಡ್‌ನ ಡೀಸೆಲ್ ಮಿತವ್ಯಯಿ, ಆದರೆ ಅದರ ಶೆಲ್‌ಗಳಲ್ಲಿ ಹೆಚ್ಚಿನವು ಚಾಲಕನ ಪಕ್ಕದಲ್ಲೇ ಇರುತ್ತವೆ. 2016ರ ಕೊನೆಗೆ ಸಿರಿಯಾದ ಅಲ್ ಬಾಬ್ ಬಳಿ ಟರ್ಕಿ ತನ್ನ ಹಳೆಯ ಲೆಪರ್ಡ್ 2ಎ4ಗಳಲ್ಲಿ ಹಲವನ್ನು ಕಳೆದುಕೊಂಡಿತು, ಪಕ್ಕೆಗೆ ಬಿದ್ದ ಕ್ಷಿಪಣಿಗಳೇ ಸಾಕಾದವು. ಇಂಧನ ಸರಬರಾಜಿಗೆ ಕೊರತೆಯಿಲ್ಲದ ಸೇನೆಗೆ ಎಬ್ರಾಮ್ಸ್, ಉಳಿದವರಿಗೆ ಲೆಪರ್ಡ್ ಎಂಬುದು ನನ್ನ ಉತ್ತರ.

## ಸ್ವಲ್ಪ ಆಳಕ್ಕೆ

ಓರೆ ಕವಚ ಅಷ್ಟು ಒಳ್ಳೆಯದಾದರೆ ಲೆಪರ್ಡ್ 2ರ ಮೊದಲ ಮಾದರಿಗಳ ಗೋಪುರ ಗೋಡೆಯಂತೆ ನೇರ ಯಾಕಿತ್ತು?

ಗುಂಡು ಬದಲಾಯಿತು. ಟಿ-34ರ ಕಾಲದ ದಪ್ಪ ಮೊಂಡು ಗುಂಡು ಓರೆಗೆ ತಾಗಿ ಜಾರಿಹೋಗುತ್ತಿತ್ತು. ಈಗಿನದು ಬಾಣದಂತೆ ತೆಳ್ಳಗೆ ಉದ್ದನೆಯ ಟಂಗ್‌ಸ್ಟನ್ ಅಥವಾ ಯುರೇನಿಯಂ ಸರಳು, ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ವೇಗ. ತೀರಾ ಮಲಗಿದಂತಿರುವ ತಗಡನ್ನು ಬಿಟ್ಟರೆ ಅದು ಜಾರುವುದಿಲ್ಲ. ಹಾಗಾಗಿ ಭರವಸೆ ಆಕಾರದಿಂದ ಒಳಗಿನ ವಸ್ತುವಿಗೆ ಹೋಯಿತು. ಬ್ರಿಟಿಷರು 1960ರ ದಶಕದಲ್ಲಿ ರೂಪಿಸಿದ ಚೋಬಮ್ ಕವಚದಿಂದ ಆರಂಭವಾದ ದಾರಿ ಇದು: ಉಕ್ಕಿನ ನಡುವೆ ಬೇರೆ ವಸ್ತುಗಳ ಪದರಗಳು. ಆ ಪದರಗಳನ್ನು ದಪ್ಪಗೆ ತುಂಬಲು ಪೆಟ್ಟಿಗೆಯಂಥ ಆಕಾರವೇ ಅನುಕೂಲ. ಲೆಪರ್ಡ್ 2ಎ5ರಲ್ಲಿ ಕಾಣುವ ಚೂಪು ಮೂತಿ ಅದರ ಮುಂದೆ ಹೆಚ್ಚುವರಿಯಾಗಿ ಕೂರಿಸಿದ್ದು.

ಎರಡು ಟ್ಯಾಂಕ್ ಎದುರುಬದುರಾದರೆ ಗೆಲುವನ್ನು ನಿಜವಾಗಿ ತೀರ್ಮಾನಿಸೋದು ಏನು?

ಮೊದಲು ಕಂಡವನು ಮೊದಲು ಹೊಡೆಯುತ್ತಾನೆ, ಮೊದಲು ಹೊಡೆದವನು ಸಾಮಾನ್ಯವಾಗಿ ಗೆಲ್ಲುತ್ತಾನೆ. ಎರಡನೇ ಮಹಾಯುದ್ಧದ ತಮ್ಮ 3 ಮತ್ತು 4ನೇ ಆರ್ಮರ್ಡ್ ಡಿವಿಷನ್‌ಗಳ ಕಾದಾಟಗಳನ್ನು ಅಮೆರಿಕನ್ನರು ಆಮೇಲೆ ಲೆಕ್ಕಹಾಕಿ ನೋಡಿದಾಗಲೂ ಎದ್ದು ಕಂಡದ್ದು ಇದೇ.

1991ರ ಗಲ್ಫ್ ಯುದ್ಧದಲ್ಲಿ, ಫೆಬ್ರವರಿ 26ರಂದು ಇರಾಕಿನ ಮರುಭೂಮಿಯಲ್ಲಿ ನಡೆದ 73 ಈಸ್ಟಿಂಗ್ ಕಾಳಗ ಇದರ ಕಠೋರ ಉದಾಹರಣೆ. ಮರಳುಗಾಳಿಯಲ್ಲಿ ಎಬ್ರಾಮ್ಸ್‌ನ ಗನ್ನರ್‌ಗೆ ಶಾಖ ಗುರುತಿಸುವ ದೂರದರ್ಶಕದಿಂದ ಶತ್ರು ಕಾಣುತ್ತಿದ್ದ. ಇರಾಕಿ ಟಿ-72ರಲ್ಲಿ ಕೂತವನಿಗೆ ಬರೀ ಧೂಳು. ಅಮೆರಿಕನ್ ಅಧಿಕಾರಿ ಎಚ್. ಆರ್. ಮ್ಯಾಕ್‌ಮಾಸ್ಟರ್ ಅವರ ತುಕಡಿಯೊಂದೇ 23 ನಿಮಿಷಗಳಲ್ಲಿ 28 ಟ್ಯಾಂಕುಗಳನ್ನು ಕೆಡವಿತು. ಇದನ್ನು ಹಿಡಿದು ಟಿ-72 ಕಳಪೆ ಎನ್ನುವವರು ಒಂದು ವಿಷಯ ಗಮನಿಸಬೇಕು. ಇರಾಕಿನ ಬಳಿ ಇದ್ದದ್ದು ರಫ್ತಿಗೆಂದು ತಗ್ಗಿಸಿ ಮಾಡಿದ ಮಾದರಿ, ಶೆಲ್‌ಗಳೂ ಹಳೆಯವು, ಮೇಲೆ ಆಕಾಶವೆಲ್ಲ ಶತ್ರುವಿನ ಕೈಯಲ್ಲಿತ್ತು.

ಡ್ರೋನ್ ಬಂದ ಮೇಲೆ ಟ್ಯಾಂಕಿನ ಕಾಲ ಮುಗೀತಲ್ಲವೇ?

1973ರಲ್ಲೂ ಇದೇ ಮಾತು ಕೇಳಿಬಂದಿತ್ತು. ಸಿನಾಯ್‌ನಲ್ಲಿ ಈಜಿಪ್ಟಿನ ಸೈನಿಕರು ಹೊತ್ತೊಯ್ದ ಸ್ಯಾಗರ್ ಕ್ಷಿಪಣಿಗಳು ಇಸ್ರೇಲಿ ಟ್ಯಾಂಕುಗಳನ್ನು ಸಾಲುಸಾಲಾಗಿ ಸುಟ್ಟಾಗ ಟ್ಯಾಂಕ್ ಸತ್ತಿತು ಎಂದರು. ಉತ್ತರವಾಗಿ ಕಾಲಾಳು ಮತ್ತು ಫಿರಂಗಿದಳಗಳ ಜೊತೆಗೂಡಿ ಹೋಗುವ ಪಾಠ ಮರಳಿ ಬಂತು, ಹೊಸ ಕವಚಗಳು ಬಂದವು. ಬರುವ ಕ್ಷಿಪಣಿಯನ್ನು ಗಾಳಿಯಲ್ಲೇ ಒಡೆಯುವ ಮೆರ್ಕಾವಾದ ಟ್ರೋಫಿ ಸಾಧನ 2011ರಲ್ಲಿ ಮೊದಲ ಬಾರಿ ಕೆಲಸ ಮಾಡಿತು.

ಆದರೂ ಈ ಬಾರಿಯದು ಹೆಚ್ಚು ಗಂಭೀರ ಎಂದೇ ನನಗೆ ತೋರುತ್ತದೆ. ನೂರು ವರ್ಷ ಟ್ಯಾಂಕಿನ ಕವಚವನ್ನು ಎದುರಿನಿಂದ ಬರುವ ಪೆಟ್ಟಿಗೆಂದೇ ಹಂಚಿದ್ದರು, ನೆತ್ತಿ ತೆಳುವಾಗಿಯೇ ಉಳಿದಿತ್ತು. ಉಕ್ರೇನಿನಲ್ಲಿ ಅಗ್ಗದ ಡ್ರೋನುಗಳು ಹುಡುಕಿ ಹೊಡೆಯುವುದು ನೆತ್ತಿಗೆ, ಎಂಜಿನ್ನಿನ ಹಿಂಭಾಗಕ್ಕೆ. ಎರಡೂ ಕಡೆಯವರು ಗೋಪುರಗಳ ಮೇಲೆ ಕಬ್ಬಿಣದ ಪಂಜರ ಬೆಸೆದುಕೊಂಡಿದ್ದಾರೆ. ಇನ್ನೂ ದೊಡ್ಡ ಬದಲಾವಣೆಯೆಂದರೆ ಅಡಗುವ ಜಾಗವೇ ಇಲ್ಲದಾಗಿರುವುದು: ಮೊದಲು ಕಂಡವನು ಗೆಲ್ಲುವ ಆಟದಲ್ಲಿ ಡ್ರೋನು ಯಾವಾಗಲೂ ಮೊದಲು ಕಾಣುತ್ತದೆ. ಹೀಗಿದ್ದೂ ಎರಡೂ ಸೇನೆಗಳು ಟ್ಯಾಂಕ್ ಕೇಳುವುದನ್ನು ನಿಲ್ಲಿಸಿಲ್ಲ. ಕವಚದ ಮರೆಯಲ್ಲಿ ದೊಡ್ಡ ಫಿರಂಗಿಯನ್ನು ಕಂದಕದ ಬಾಯಿಗೇ ಕೊಂಡೊಯ್ಯುವ ಬೇರೆ ಸಾಧನ ಇನ್ನೂ ಬಂದಿಲ್ಲ.

ಒಂದೇ ಒಂದನ್ನು ಆರಿಸಿ ಅಂದರೆ ಯಾವುದು?

ಸೆಂಚೂರಿಯನ್. ಯುರೋಪಿನಲ್ಲಿ ಎರಡನೇ ಮಹಾಯುದ್ಧ ಮುಗಿದು ತಿಂಗಳೊಳಗೆ ಬ್ರಿಟಿಷರ ಈ ಟ್ಯಾಂಕಿನ ಮೊದಲ ಆರು ಮಾದರಿಗಳು ಬೆಲ್ಜಿಯಂ ತಲುಪಿದವು. ಯಾವ ಯುದ್ಧಕ್ಕೆಂದು ಹುಟ್ಟಿತೋ ಅದು ತಪ್ಪಿಹೋಗಿತ್ತು. ಆದರೆ ಕಟ್ಟಿದವರು ಮುಂದೆ ಬೆಳೆಯಲು ಜಾಗ ಬಿಟ್ಟಿದ್ದರು. 17 ಪೌಂಡರ್ ಇದ್ದ ಗೋಪುರದಲ್ಲಿ ಮೊದಲು 20 ಪೌಂಡರ್, ಆಮೇಲೆ 105 ಮಿ.ಮೀ. ಎಲ್7 ಫಿರಂಗಿ ಕೂತಿತು. ಆ ಎಲ್7 ಎಷ್ಟು ಚೆನ್ನಾಗಿತ್ತೆಂದರೆ ಜರ್ಮನ್ನರ ಲೆಪರ್ಡ್ 1, ಅಮೆರಿಕನ್ನರ ಎಂ60, ಕೊನೆಗೆ ಎಬ್ರಾಮ್ಸ್‌ನ ಮೊದಲ ಮಾದರಿಯೂ ಅದನ್ನೇ ತೊಟ್ಟವು. ಕೊರಿಯಾ, ಪಂಜಾಬ್, ವಿಯೆಟ್ನಾಂ, ಗೋಲಾನ್ ಎಲ್ಲ ಕಡೆಯೂ ಅದು ಕಾದಿತು. 1971ರ ಡಿಸೆಂಬರ್ 16ರಂದು ಬಸಂತರ್‌ನಲ್ಲಿ ಇಪ್ಪತ್ತೊಂದರ ಹರೆಯದ ಅರುಣ್ ಖೇತ್ರಪಾಲ್ ಬೆಂಕಿ ಹತ್ತಿದ ಮೇಲೂ ಇಳಿಯಲೊಪ್ಪದೆ, ಫಿರಂಗಿ ಇನ್ನೂ ಕೆಲಸ ಮಾಡುತ್ತಿದೆ ಎಂದು ಹೋರಾಡಿದ 'ಫಾಮಗುಸ್ತಾ' ಟ್ಯಾಂಕ್ ಕೂಡ ಸೆಂಚೂರಿಯನ್ನೇ. ದಕ್ಷಿಣ ಆಫ್ರಿಕಾದವರು ಹೊಸ ಎಂಜಿನ್, ಹೊಸ ಫಿರಂಗಿ ಕೂರಿಸಿ ಅದನ್ನೇ ಒಲಿಫಾಂಟ್ ಎಂದು ಕರೆದು ಈ ಶತಮಾನಕ್ಕೂ ತಂದಿದ್ದಾರೆ.